ನೆಲೆ ತಪ್ಪಿದ ಮಕ್ಕಳ ಮೊದಲ ಶಾಲೆ

"ಉಟ್ಟ ಬಟ್ಟೆಯಲ್ಲಿ ಓಡಿಬಂದವರಿಗೆ ಮೊದಲು ಗಂಜಿ ಬೇಕು, ಡೇರೆ ಬೇಕು, ಔಷಧಿ ಬೇಕು. ಶಿಶುವಿಹಾರದ ಮಾತು ಆಮೇಲೆ ಎತ್ತಿದರಾಯಿತು." ಮೈಸೂರಿನ ಒಂದು ಸಭೆಯಲ್ಲಿ, ನಿರಾಶ್ರಿತರ ನೆರವಿಗೆ ಹಣ ಕೂಡಿಸುತ್ತಿದ್ದ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಕಾಳಜಿಯಿಂದಲೇ ಹೇಳಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ನನ್ನ ದುಡಿಮೆಯೆಲ್ಲ ಮೂರರಿಂದ ಆರು ವರ್ಷದ ಮಕ್ಕಳ ನಡುವೆ ಕಳೆದಿದೆ. ಅದರಲ್ಲೊಂದು ಪಾಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ, ಟಿಬೆಟಿಯನ್ ಕ್ಯಾಂಪುಗಳ ನರ್ಸರಿ ಶಿಕ್ಷಕಿಯರ ಜೊತೆ ಕೂತು ಮಾಂಟೆಸ್ಸೊರಿ ಪಾಠ ಹೇಳುತ್ತ, ಅವರಿಂದ ಕಲಿಯುತ್ತ ಕಳೆದದ್ದು. ಮೂರು ವರ್ಷದ ಮಗುವಿಗೆ 'ಆಮೇಲೆ' ಎಂಬುದಿಲ್ಲ. ದೊಡ್ಡವರು ಡೇರೆ ಹಾಕಿ, ಪಡಿತರದ ಚೀಟಿ ಮಾಡಿಸಿ, ಕೆಲಸ ಹುಡುಕಿಕೊಂಡು, ಇನ್ನು ಮಕ್ಕಳ ಓದಿನ ಮಾತಾಡೋಣ ಎನ್ನುವ ಹೊತ್ತಿಗೆ ಆ ಮಗುವಿಗೆ ಏಳು ವರ್ಷ ತುಂಬಿರುತ್ತದೆ. ಮಾತು ಮೂಡುವ, ಇನ್ನೊಬ್ಬರನ್ನು ನಂಬಲು ಕಲಿಯುವ, ಬೆರಳುಗಳಿಗೆ ಹಿಡಿತ ಬರುವ ವರ್ಷಗಳು ಅಷ್ಟರಲ್ಲಿ ಕಾಯುವುದರಲ್ಲೇ ಮುಗಿದಿರುತ್ತವೆ.

ಟಿಬೆಟಿಯನ್ನರ ಕಥೆಯನ್ನೇ ನೋಡಿ. 1959ರ ಮಾರ್ಚ್‌ನಲ್ಲಿ ದಲೈಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸುಮಾರು 80,000 ಜನ ಹಿಮಾಲಯ ದಾಟಿದರು. ಅಸ್ಸಾಮಿನ ಮಿಸ್ಸಮಾರಿಯಲ್ಲಿ, ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಅವರಿಗೆ ತಾತ್ಕಾಲಿಕ ಶಿಬಿರಗಳು ಎದ್ದವು. ಎತ್ತರದ ಒಣಚಳಿಗೆ ಒಗ್ಗಿದ್ದ ಮೈಗಳು ಅಲ್ಲಿನ ಸೆಕೆ, ಸೊಳ್ಳೆ, ಹೊಸ ಕಾಯಿಲೆಗಳನ್ನು ತಾಳಲಿಲ್ಲ. ಅಲ್ಲಿಂದ ಸಾವಿರಾರು ಮಂದಿಯನ್ನು ಹಿಮಾಚಲ, ಜಮ್ಮು, ಸಿಕ್ಕಿಂ ಕಡೆಯ ಬೆಟ್ಟದ ರಸ್ತೆ ಕೆಲಸಕ್ಕೆ ಕಳಿಸಿದರು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುತ್ತಿದ್ದರು. ರಸ್ತೆ ಮುಂದೆ ಸಾಗಿದಂತೆ ಡೇರೆಯೂ ಸಾಗುತ್ತಿತ್ತು. ಮಕ್ಕಳು ರಸ್ತೆಯ ಅಂಚಿನಲ್ಲೇ ಇರುತ್ತಿದ್ದರು.

ಬೈಲಕುಪ್ಪೆಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಹಿರಿಯ ಶಿಕ್ಷಕಿಯೊಬ್ಬರ ತಾಯಿ ಚಂಬಾ ಕಡೆಯ ರಸ್ತೆಗಳಲ್ಲಿ ದುಡಿದವರು. ಆ ಶಿಕ್ಷಕಿ, ಮೆಕ್ಕೆಜೋಳ ಮಾರುತ್ತ, ಕೂಲಿಯಾಳುಗಳೊಡನೆ ಮಾತಾಡುತ್ತ ಕಲಿತ ಸರಾಗವಾದ ಮೈಸೂರು ಸೀಮೆಯ ಕನ್ನಡದಲ್ಲಿ ಹೇಳಿದರು: "ಅಕ್ಕ, ನಮ್ಮಣ್ಣನ ಸೊಂಟಕ್ಕೆ ಅಮಾಲಾ, ಅಂದ್ರೆ ಅಮ್ಮ, ತಮ್ಮ ನಡುಪಟ್ಟಿ ಕಟ್ಟಿ, ಅದರ ಇನ್ನೊಂದು ತುದೀನ ಮರಕ್ಕೆ ಬಿಗೀತಿದ್ರಂತೆ. ಇಲ್ದಿದ್ರೆ ಅವನು ಕಣಿವೆಗೆ ಉರುಳಿ ಹೋಗ್ತಿದ್ದ. ಬಂಡೆಗೆ ಮದ್ದು ಸಿಡಿಸೋವಾಗ ಮಾತ್ರ ಬಿಚ್ಚಿ ಎತ್ಕೊಂಡು ಓಡೋರು." ಹೇಳುತ್ತಲೇ ಆಕೆ ಮಕ್ಕಳು ಆಡಿ ಬಿಟ್ಟಿದ್ದ ಮರದ ತುಂಡುಗಳನ್ನು ಒಂದೊಂದಾಗಿ ಒರೆಸಿ ಕಪಾಟಿಗೆ ಸೇರಿಸುತ್ತಿದ್ದರು. ಆ ಕೆಲಸಕ್ಕೆ ಯಾಕೆ ಬಂದಿರಿ ಎಂದು ಅವರನ್ನು ನಾನು ಮತ್ತೆ ಕೇಳಬೇಕಾಗಲಿಲ್ಲ.

ಅಂಥ ರಸ್ತೆ ಶಿಬಿರಗಳಿಂದ, 1960ರ ಮೇ 17ರಂದು, ಜಮ್ಮು ಕಡೆಯಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು. ಕಾಯಿಲೆ ಬಿದ್ದ, ಹೊಟ್ಟೆಗಿಲ್ಲದೆ ಸೊರಗಿದ ಮಕ್ಕಳು. ದಲೈಲಾಮಾ ಅವರ ಅಕ್ಕ ತ್ಸೆರಿಂಗ್ ಡೋಲ್ಮಾ ತಕ್ಲಾ ತಾನು ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದರು. ಹೀಗೆ ಶುರುವಾಯಿತು ಟಿಬೆಟಿಯನ್ ನಿರಾಶ್ರಿತ ಮಕ್ಕಳ ನರ್ಸರಿ. ಆಗ ಟಿಬೆಟಿಯನ್ ಸಮಾಜದ ದೇಶಾಂತರದ ಸರ್ಕಾರವೇ ಇನ್ನೂ ಸರಿಯಾಗಿ ಕಾಲೂರಿರಲಿಲ್ಲ, ದಕ್ಷಿಣದ ನೆಲೆಗಳು ಹುಟ್ಟಿರಲಿಲ್ಲ. ಎಲ್ಲಕ್ಕೂ ಮೊದಲು ಹುಟ್ಟಿದ ಸಂಸ್ಥೆಗಳಲ್ಲಿ ಒಂದು ಈ ನರ್ಸರಿ ಎಂಬುದನ್ನು ನಾನು ತರಬೇತಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಅದು ಚೆಂದದ ಶಿಶುವಿಹಾರವೇನೂ ಆಗಿರಲಿಲ್ಲ. 51 ಮಕ್ಕಳು ನೂರಾದರು, ನೂರು ನೂರಾರಾಯಿತು. ರಸ್ತೆ ಶಿಬಿರಗಳಲ್ಲಿ ಮಕ್ಕಳು ಸಾಯುವುದನ್ನು ಕಂಡ ತಂದೆತಾಯಂದಿರು ಮಗುವನ್ನು ಅಲ್ಲಿ ಬಿಟ್ಟರೆ ಬದುಕೀತು ಎಂದು ತಂದು ಒಪ್ಪಿಸುತ್ತಿದ್ದರು. ಐರ್ಲೆಂಡಿನ ಲೇಖಕಿ ಡೆರ್ವ್ಲಾ ಮರ್ಫಿ 1963ರಲ್ಲಿ ಸೈಕಲ್ ತುಳಿದು ಭಾರತಕ್ಕೆ ಬಂದು, ಆ ನರ್ಸರಿಯಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿ, ಬಳಿಕ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಕಜ್ಜಿ, ಆಮಶಂಕೆ, ಕಿಕ್ಕಿರಿದ ಕೋಣೆಗಳು, ಎಷ್ಟು ತೊಳೆದರೂ ಮುಗಿಯದ ಮಕ್ಕಳು: ಅವರ ಬರಹದಲ್ಲಿ ಇದೆಲ್ಲ ಇದೆ. ಜೀವ ಉಳಿಸುವುದೇ ಆಗಿನ ಶಿಕ್ಷಣವಾಗಿತ್ತು. 1964ರಲ್ಲಿ ತ್ಸೆರಿಂಗ್ ಡೋಲ್ಮಾ ತೀರಿಕೊಂಡಾಗ ತಂಗಿ ಜೆಟ್ಸುನ್ ಪೆಮಾ ಹೊಣೆ ಹೊತ್ತರು; ನಾಲ್ಕು ದಶಕ ಅದನ್ನು ಬಿಡಲಿಲ್ಲ. ಅವರ ಕಾಲದಲ್ಲಿ ನರ್ಸರಿಯ ರೂಪವೇ ಬದಲಾಯಿತು. ಸಾಲುಸಾಲು ಮಕ್ಕಳು ಮಲಗುವ ಹಾಲ್‌ಗಳು ಹೋಗಿ ಮನೆಗಳು ಬಂದವು. ಒಂದು ಮನೆ, ಒಬ್ಬ ಸಾಕುತಾಯಿ, ಬೇರೆ ಬೇರೆ ವಯಸ್ಸಿನ ಮಕ್ಕಳು, ಒಂದು ಅಡುಗೆಮನೆ. ದೊಡ್ಡ ಮಗು ಚಿಕ್ಕದರ ಮೂಗು ಒರೆಸಬೇಕು, ಬೂಟಿನ ದಾರ ಕಟ್ಟಬೇಕು. ಇಂದು ಇಡೀ ಜಗತ್ತು ಬಲ್ಲ ಟಿಬೆಟಿಯನ್ ಚಿಲ್ಡ್ರನ್ಸ್ ವಿಲೇಜ್ ಆದದ್ದು ಆ ನರ್ಸರಿಯೇ. ಬೈಲಕುಪ್ಪೆಯಲ್ಲೂ ಅದರ ಶಾಲೆಯಿದೆ.

ಹಾಲ್ ಬಿಟ್ಟು ಮನೆಗೆ ಬಂದ ಈ ಬದಲಾವಣೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇದೇ ಸತ್ಯವನ್ನು ಬೇರೆ ಜಾಗದಲ್ಲಿ, ಬೇರೆ ಕಾಲದಲ್ಲಿ, ಬೇರೆಯವರು ಕಂಡುಕೊಂಡಿದ್ದರು. ಎರಡನೇ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಅನ್ನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುಮಂದಿರಗಳನ್ನು ನಡೆಸಿದರು. ಅನ್ನಾ ಫ್ರಾಯ್ಡ್ ಸ್ವತಃ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾದಿಂದ ಬಂದ ನಿರಾಶ್ರಿತೆ. ಮೊದಮೊದಲು ಯಾರು ಬಿಡುವಾಗಿದ್ದರೋ ಆ ದಾದಿ ಮಗುವನ್ನು ನೋಡುತ್ತಿದ್ದಳು. ಮಕ್ಕಳು ಚೊಕ್ಕಟವಾಗಿದ್ದರು, ಉಣ್ಣುತ್ತಿದ್ದರು, ಆದರೂ ಮಾತು ಹಿಂದೆ ಬಿದ್ದಿತ್ತು. ಆಗ ನಾಲ್ಕೈದು ಮಕ್ಕಳಿಗೆ ಒಬ್ಬಳೇ ದಾದಿ ಎಂದು ಪುಟ್ಟ ಪುಟ್ಟ ಕುಟುಂಬ ಮಾಡಿದರು. ಮೊದಲು ಜಗಳ, ಹೊಟ್ಟೆಕಿಚ್ಚು, 'ಇವಳು ನನ್ನವಳು' ಎಂಬ ಎಳೆದಾಟ ಎಲ್ಲ ಹೆಚ್ಚಾಯಿತು. ಆಮೇಲೆ ಮಾತು ಬೆಳೆಯಿತು, ಹಾಸಿಗೆ ಒದ್ದೆ ಮಾಡುವುದು ಕಡಿಮೆಯಾಯಿತು. ಜಗಳವಾಡಲು ಒಬ್ಬರು ತನ್ನವರು ಎಂಬುವರು ಇರಬೇಕಲ್ಲ, ಆ ಮಕ್ಕಳಿಗೆ ಅದು ಸಿಕ್ಕಿತು.

ನಾನು ಹೇಳಿಕೊಡುವ ಪದ್ಧತಿಯನ್ನು ರೂಪಿಸಿದ ಮಾಂಟೆಸ್ಸೊರಿಯವರ ಹೆಸರು ನಮ್ಮಲ್ಲಿ ದುಬಾರಿ ನಗರಶಾಲೆಗಳ ಬೋರ್ಡಿನ ಮೇಲೆ ಕಾಣುತ್ತದೆ. ಅದು ನನಗೆ ಯಾವಾಗಲೂ ನೋವಿನ ಸಂಗತಿ. ಅವರು 1907ರ ಜನವರಿ 6ರಂದು ತೆರೆದ ಮೊದಲ ಮಕ್ಕಳ ಮನೆ ಇದ್ದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ. 1908ರ ಡಿಸೆಂಬರ್ 28ರಂದು ಮೆಸ್ಸಿನಾ ಪಟ್ಟಣ ಭೂಕಂಪದಲ್ಲಿ ನೆಲಸಮವಾಯಿತು. ಅವಶೇಷಗಳ ನಡುವೆ ಸಿಕ್ಕ ಸುಮಾರು ಅರವತ್ತು ಪುಟ್ಟ ಅನಾಥ ಮಕ್ಕಳನ್ನು ರೋಮ್‌ನ ಒಂದು ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ತಂದರು. ಆ ಮಕ್ಕಳ ಹೆಸರು, ಮನೆತನ ಯಾರಿಗೂ ಗೊತ್ತಿರಲಿಲ್ಲ. ಅವು ಮಾತಾಡುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ರಾತ್ರಿ ಚೀರುತ್ತಿದ್ದವು. ಅವರಿಗಾಗಿ ಅಳತೆಗೆ ತಕ್ಕ ಪುಟ್ಟ ಮೇಜು ಕುರ್ಚಿ, ಪುಟ್ಟ ಕಪಾಟು, ಬಣ್ಣದ ಪರದೆ, ಹೂದಾನಿ, ಒಳ್ಳೆಯ ತಟ್ಟೆ ಲೋಟಗಳು ಬಂದವು. ಮೇಜು ಅಣಿ ಮಾಡುವುದು, ಬಡಿಸುವುದು, ತೊಳೆಯುವುದು, ತೋಟದ ಕೆಲಸ ಹೀಗೆ ದಿನದ ಕೆಲಸಗಳನ್ನು ಮಕ್ಕಳಿಗೆ ನಿಧಾನವಾಗಿ, ಅಚ್ಚುಕಟ್ಟಾಗಿ ಕಲಿಸಿದರು. ಕೆಲವು ಕಾಲದ ಮೇಲೆ ಊಟ ಸೇರಿತು, ನಿದ್ದೆ ಬಂತು, ಮಕ್ಕಳು ಓಡಾಡತೊಡಗಿದರು ಎಂದು ಮಾಂಟೆಸ್ಸೊರಿ ಬರೆದಿದ್ದಾರೆ.

ಇದರಲ್ಲಿ ಮಂತ್ರವಿಲ್ಲ, ಕಾರಣವಿದೆ. ಎಲ್ಲ ಕಳೆದುಕೊಂಡ ಮಗುವಿನ ದೇಹ ಸದಾ ಅಪಾಯಕ್ಕೆ ಕಾಯುತ್ತಿರುತ್ತದೆ. ಬಾಗಿಲು ಬಡಿದರೆ ಬೆಚ್ಚುತ್ತದೆ. ಸಣ್ಣ ಮಕ್ಕಳು ಹೆದರಿಕೆಯನ್ನು ತಾವೇ ತಣಿಸಿಕೊಳ್ಳಲಾರರು. ದೊಡ್ಡವರ ಮಡಿಲು, ದನಿ, ಮುಖ ನೋಡಿ ತಣಿಸಿಕೊಳ್ಳುತ್ತಾರೆ. ಆದರೆ ನಿರಾಶ್ರಿತ ಶಿಬಿರದಲ್ಲಿ ಆ ದೊಡ್ಡವರೇ ಬೆದರಿರುತ್ತಾರೆ. ತಾಯಿಯ ಕಣ್ಣು ಎಲ್ಲೋ ನೆಟ್ಟಿರುತ್ತದೆ, ತಂದೆ ಸಿಡುಕುತ್ತಾನೆ, ಅಜ್ಜಿ ಮಾತು ನಿಲ್ಲಿಸಿಬಿಟ್ಟಿರುತ್ತಾಳೆ. ಆ ಹೊತ್ತಿನಲ್ಲಿ ದಿನಾ ಅದೇ ಗಂಟೆಗೆ ತೆರೆಯುವ ಒಂದು ಬಾಗಿಲು, ಅಲ್ಲಿ ದಿನಾ ಕಾಣುವ ಅದೇ ಹೆಂಗಸು, ಬೆಳಗ್ಗೆ ಬಿಟ್ಟ ಜಾಗದಲ್ಲೇ ಮರುದಿನವೂ ಇರುವ ತನ್ನ ಲೋಟ, ಇವು ಆ ಮಗುವಿಗೆ ಪಾಠಗಳೇ. ಮುಂದೇನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದಾಗ ಮಗು ಆಡಲು ಶುರುಮಾಡುತ್ತದೆ. ಆಡುವ ಮಗು ಕಲಿಯುತ್ತದೆ.

1960ರ ಕೊನೆಗೆ ಟಿಬೆಟಿಯನ್ನರ ಮೊದಲ ತಂಡ ಬೈಲಕುಪ್ಪೆಗೆ ಬಂದಿತು. ಆಗಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕೊಟ್ಟಿತ್ತು, ಬಹುಪಾಲು ಕಾಡು. ಮರ ಕಡಿದು, ಪೊದೆ ಸುಟ್ಟು, ಬಿದಿರಿನ ಗುಡಿಸಲು ಕಟ್ಟಿ, ಆನೆಗಳನ್ನು ಓಡಿಸುತ್ತ ಮೆಕ್ಕೆಜೋಳ ಬಿತ್ತಿದರು. ಮುಂದೆ ಇಲ್ಲಿಯೇ ಇನ್ನೊಂದು ನೆಲೆ, ಹುಣಸೂರಿನ ಗುರುಪುರ, ಕೊಳ್ಳೇಗಾಲ ಕಡೆಯ ಒಡೆಯರಪಾಳ್ಯ, ಉತ್ತರ ಕನ್ನಡದ ಮುಂಡಗೋಡ ಹೀಗೆ ಕರ್ನಾಟಕದಲ್ಲಿ ಐದು ನೆಲೆಗಳಾದವು. ಹಗಲೆಲ್ಲ ಹೊಲದಲ್ಲಿ ಇರುವ ತಾಯಂದಿರ ಕೂಸುಗಳಿಗೆ ಕ್ಯಾಂಪುಗಳಲ್ಲಿ ಕ್ರೆಷ್ ತೆರೆದರು. ಅಲ್ಲಿ ಕಲಿಕೆ ಎಂಬುದು ನಿದ್ದೆ, ಗಂಜಿ, ಹಾಡು ಇಷ್ಟೇ ಆಗಿತ್ತು. ಚಳಿಗಾಲ ಬಂದರೆ ಇನ್ನೊಂದು ಕಷ್ಟ. ಮಳೆ ನಂಬಿದ ಬೇಸಾಯ ಸಾಲದೆ ಬಹಳಷ್ಟು ಕುಟುಂಬಗಳು ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋಗುತ್ತವೆ. ತಿಂಗಳುಗಟ್ಟಲೆ ಮಕ್ಕಳು ಅಜ್ಜಿ ತಾತನ ಬಳಿ. ಒಮ್ಮೆ ನೆಲೆ ಕಳೆದುಕೊಂಡ ಸಮಾಜದಲ್ಲಿ ಅಗಲಿಕೆ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮುಂದಿನ ತಲೆಮಾರಿನ ಮಕ್ಕಳಿಗೂ ಅದು ಪ್ರತಿವರ್ಷ ಬರುತ್ತದೆ ಎಂದು ನನಗೆ ತಿಳಿದದ್ದು ಅಲ್ಲೇ. ನವೆಂಬರ್‌ನಲ್ಲಿ ನರ್ಸರಿಯ ಶಿಕ್ಷಕಿಯರು ಹೊಸ ಪಾಠ ಶುರುಮಾಡುವುದಿಲ್ಲ. ಗೊತ್ತಿರುವ ಹಾಡು, ಗೊತ್ತಿರುವ ಆಟ, ಗೊತ್ತಿರುವ ಕಥೆಗಳನ್ನೇ ಹೇಳುತ್ತಾರೆ. ಇದನ್ನು ಯಾವ ತರಬೇತಿ ಪುಸ್ತಕವೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಬೈಲಕುಪ್ಪೆಯ ನರ್ಸರಿಯ ಬೆಳಗು ಹೀಗಿರುತ್ತದೆ. ಬಾಗಿಲಲ್ಲಿ ಚಪ್ಪಲಿಗಳ ಸಾಲು. ಟಿಬೆಟಿಯನ್ ನಿಲುವಂಗಿ ಚುಪಾ ಉಟ್ಟ ಶಿಕ್ಷಕಿ ಮೊಣಕಾಲೂರಿ ಕೂತು ಒಂದೊಂದು ಮಗುವಿನ ಕಣ್ಣಿಗೆ ಕಣ್ಣು ಸೇರಿಸಿ ಹೆಸರು ಹಿಡಿದು ಮಾತಾಡಿಸುತ್ತಾರೆ. ಮಕ್ಕಳು ಅವರನ್ನು ಗೆನ್‌ಲಾ ಎನ್ನುತ್ತಾರೆ. ಆಮೇಲೆ ವಿದ್ಯೆಯ ದೇವತೆ ಮಂಜುಶ್ರೀಯ ಪ್ರಾರ್ಥನೆ. ಅದರ ಕೊನೆಯ ಅಕ್ಷರವನ್ನು ಒಂದೇ ಉಸಿರಿನಲ್ಲಿ ಎಷ್ಟು ಹೊತ್ತಾಗುತ್ತದೋ ಅಷ್ಟು ಹೊತ್ತು ಮತ್ತೆ ಮತ್ತೆ ಹೇಳುವುದು ಟಿಬೆಟಿಯನ್ ಶಾಲೆಗಳ ರೂಢಿ. ಮೂರು ವರ್ಷದವರೂ ಮುಖ ಕೆಂಪಾಗುವವರೆಗೆ ಹೇಳಿ, ಉಸಿರು ಬಿಟ್ಟು, ನಗುತ್ತಾರೆ. ಬಳಿಕ ಪ್ರತಿಯೊಬ್ಬರೂ ತಮಗೆ ಬೇಕಾದ ಚಾಪೆ ಹಾಸಿಕೊಂಡು, ಕಪಾಟಿನಿಂದ ಬೇಕಾದ ಸಾಮಾನು ತಂದು ಕೂರುತ್ತಾರೆ. ಗುಲಾಬಿ ಬಣ್ಣದ ಮರದ ಘನಗಳು, ಗುಂಡಿ ಹಾಕುವ ಚೌಕಟ್ಟು, ಹೂಜಿಯಿಂದ ಹೂಜಿಗೆ ಕಾಳು ಸುರಿಯುವುದು. ಟಿಬೆಟಿಯನ್ ಲಿಪಿಯ 30 ವ್ಯಂಜನಗಳನ್ನು ಉಪ್ಪುಕಾಗದದಲ್ಲಿ ಕತ್ತರಿಸಿ ಮರದ ಹಲಗೆಗೆ ಅಂಟಿಸಿರುತ್ತಾರೆ. ಮಗು ಅಕ್ಷರದ ಮೇಲೆ ಎರಡು ಬೆರಳಾಡಿಸುತ್ತ ಅದರ ಉಲಿ ಹೇಳುತ್ತದೆ. ಬರೆಯುವ ಮೊದಲೇ ಅಕ್ಷರದ ತಿರುವು ಕೈಗೆ ಬಂದಿರುತ್ತದೆ. ಈ ಹಲಗೆಗಳನ್ನು ತರಬೇತಿಯಲ್ಲಿ ಶಿಕ್ಷಕಿಯರೇ ಕೂತು ಮಾಡಿದ್ದರು. ಉಪ್ಪುಕಾಗದ ಕತ್ತರಿಸಿ ಕತ್ತರಿ ಮೊಂಡಾಗಿ, ಎಲ್ಲರ ಹೆಬ್ಬೆರಳಿನಲ್ಲೂ ಬೊಬ್ಬೆ.

ಅಲ್ಲಿಯ ಒಬ್ಬ ಹುಡುಗನನ್ನು ನಾನು ಮರೆಯಲಾರೆ. ಆಗಿನ್ನೂ ನೇಪಾಳದ ಹಾದಿಯಲ್ಲಿ ಹಿಮ ತುಳಿದುಕೊಂಡು ಟಿಬೆಟ್‌ನಿಂದ ಜನ ಬರುತ್ತಿದ್ದ ಕಾಲ. ಎಷ್ಟೋ ತಂದೆತಾಯಂದಿರು ತಾವು ಅಲ್ಲೇ ಉಳಿದು, ಮಕ್ಕಳನ್ನು ಮಾತ್ರ ಯಾರದೋ ಜೊತೆ ಕಳಿಸುತ್ತಿದ್ದರು. ಇವನೂ ಹಾಗೆ ದೂರದ ಸಂಬಂಧಿಯೊಬ್ಬರ ಕೈಹಿಡಿದು ಬಂದವನು, ಐದು ವರ್ಷವಿದ್ದೀತು. ಊಟದಲ್ಲಿ ಕೊಟ್ಟ ಟಿಂಗ್‌ಮೋ ರೊಟ್ಟಿಯನ್ನು ಅರ್ಧ ತಿಂದು, ಉಳಿದದ್ದನ್ನು ಅಂಗಿಯೊಳಗೆ ಬಚ್ಚಿಡುತ್ತಿದ್ದ. ಸಂಜೆಗೆ ಅದು ಒಣಗಿ ಪುಡಿಯಾಗಿ ಹಾಸಿಗೆಯೆಲ್ಲ ಇರುವೆ. ಬೈದು ಬಿಡಿಸಬೇಕು ಎಂದವರಿದ್ದರು. ನಾನು ಆಗಲೇ ಹೇಳಿದ ಹಿರಿಯ ಶಿಕ್ಷಕಿ ಬೇರೆಯೇ ದಾರಿ ಹಿಡಿದರು. ಊಟದ ಹೊತ್ತಿಗೆ ರೊಟ್ಟಿಯ ಬುಟ್ಟಿಯನ್ನು ಅವನ ಕೈಗೇ ಕೊಟ್ಟು, "ನೀನು ಎಲ್ಲರಿಗೂ ಹಂಚು, ಕೊನೆಗೆ ಎಷ್ಟು ಮಿಕ್ಕಿದೆ ನನಗೆ ತೋರಿಸು" ಎಂದರು. ಅವನು ದಿನಾ ಹಂಚಿದ, ದಿನಾ ಎಣಿಸಿದ, ದಿನಾ ಬುಟ್ಟಿಯಲ್ಲಿ ಮಿಕ್ಕಿದ್ದನ್ನು ನೋಡಿದ. ನಾಳೆಯೂ ರೊಟ್ಟಿ ಇರುತ್ತದೆ ಎಂದು ಅವನಿಗೆ ಬಾಯಲ್ಲಿ ಯಾರೂ ಹೇಳಲಿಲ್ಲ. ಬಚ್ಚಿಡುವುದು ತಾನಾಗಿ ನಿಂತಿತು, ಜೊತೆಗೆ ಎಣಿಕೆಯೂ ಬಂತು. ದಾರಿಯಲ್ಲಿ ಏನೇನಾಯಿತು ಎಂದು ಆಕೆ ಅವನನ್ನು ಒಂದು ದಿನವೂ ಕೆದಕಲಿಲ್ಲ. ಮಗು ತಾನಾಗಿ ಹೇಳಿದರೆ, ಚಿತ್ರದಲ್ಲಿ ಬರೆದರೆ, ಮಣ್ಣಲ್ಲಿ ಆಡಿದರೆ ಹತ್ತಿರ ಕೂತು ಕೇಳಬೇಕು. ಬಂದ ಅತಿಥಿಗಳ ಮುಂದೆ ನಿಲ್ಲಿಸಿ ಅದರ ಕಥೆ ಹೇಳಿಸುವುದು ಕ್ರೌರ್ಯ. ಇದನ್ನು ನಾನು ಎಲ್ಲ ಕಡೆಯೂ ಗಟ್ಟಿಯಾಗಿ ಹೇಳುತ್ತೇನೆ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಟಿಬೆಟಿಯನ್ ಆಡಳಿತ 2004ರಲ್ಲಿ ತಂದ ಮೂಲ ಶಿಕ್ಷಣ ನೀತಿ ಎಳೆಯ ತರಗತಿಗಳಲ್ಲಿ ತಾಯ್ನುಡಿಯೇ ಮಾಧ್ಯಮವಾಗಿರಬೇಕು ಎನ್ನುತ್ತದೆ. ಅದಕ್ಕಿಂತ ಎಷ್ಟೋ ಮೊದಲೇ ಅವರ ಶಾಲೆಗಳು ಆ ದಾರಿಗೆ ಹೊರಳಿದ್ದವು. ಇದು ಸುಲಭದ ತೀರ್ಮಾನವಲ್ಲ. ಕುಶಾಲನಗರದ ಇಂಗ್ಲಿಷ್ ಶಾಲೆಯ ವ್ಯಾನು ಕ್ಯಾಂಪಿನೊಳಗೂ ಬರುತ್ತದೆ. "ನಮಗೆ ದೇಶವೇ ಇಲ್ಲ, ಇಂಗ್ಲಿಷಾದರೂ ಬೇಡವೇ?" ಎಂದು ಕೇಳಿದ ತಾಯಿಯ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆಕೆಯ ಆತಂಕ ನಿಜ. ಆದರೂ ನಾನು ಮತ್ತೆ ಮತ್ತೆ ಕಂಡದ್ದು ಇಷ್ಟು: ಅಜ್ಜಿಯ ಜೊತೆ ಹರಟುವ ಮಾತಿನಲ್ಲೇ ನರ್ಸರಿಯೂ ನಡೆದರೆ ಮಗು ಪ್ರಶ್ನೆ ಕೇಳುತ್ತದೆ, ಕಥೆ ಕಟ್ಟುತ್ತದೆ, ಜಗಳ ಬಿಡಿಸುತ್ತದೆ. ಗೊತ್ತಿಲ್ಲದ ಮಾತಿನಲ್ಲಿ ನಡೆದರೆ ಪದ್ಯ ಬಾಯಿಪಾಠ ಮಾಡಿ ಸುಮ್ಮನಾಗುತ್ತದೆ. ತಾಯ್ನುಡಿಯಲ್ಲಿ ಗಟ್ಟಿಯಾದ ಮಗು ಆಮೇಲೆ ಇಂಗ್ಲಿಷನ್ನೂ ಹಿಂದಿಯನ್ನೂ ಬೇಗ ಹಿಡಿಯುತ್ತದೆ. ಕನ್ನಡವಂತೂ ಬೀದಿಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ತಾನಾಗಿ ಬರುತ್ತದೆ. ನಿರಾಶ್ರಿತ ಸಮಾಜದಲ್ಲಿ ಇನ್ನೂ ಒಂದು ಕಾರಣವಿದೆ. ಹಿಂದಿರುಗಲು ಊರಿಲ್ಲದ ಅಜ್ಜಿ ತಾತಂದಿರು ಮೊಮ್ಮಗುವಿನ ಜೊತೆಗಿನ ಮಾತನ್ನೂ ಕಳೆದುಕೊಂಡರೆ ಆ ಮನೆಯಲ್ಲಿ ಎರಡು ತುದಿಗಳೂ ಒಂಟಿಯಾಗುತ್ತವೆ.

ಬೈಲಕುಪ್ಪೆಯವರು ಬಂದು ಆರು ದಶಕ ದಾಟಿದೆ. ಇಂದು ಓಡಿಬರುತ್ತಿರುವವರ ಗತಿಯೇನು? 2017ರ ಆಗಸ್ಟ್ 25ರ ನಂತರ ಮ್ಯಾನ್ಮಾರಿನ ಸೇನೆಯ ಹಿಂಸೆಗೆ ಬೆದರಿ 7 ಲಕ್ಷಕ್ಕೂ ಹೆಚ್ಚು ರೊಹಿಂಗ್ಯಾ ಜನ ಕೆಲವೇ ತಿಂಗಳಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಜಿಲ್ಲೆಗೆ ಬಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಬಿದಿರು, ಟಾರ್ಪಾಲಿನ ಗುಡಿಸಲುಗಳು ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ. ಅಲ್ಲಿಗೆ ನಾನು ಹೋಗಿಲ್ಲ. ಆದರೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಅಲ್ಲಿ ನಡೆಸುವ ಆಟದ ಕೇಂದ್ರಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಚಿತ್ರಗಳನ್ನು ನನ್ನ ಶಿಕ್ಷಕಿಯರಿಗೆ ತೋರಿಸಿದ್ದೇನೆ. ಆ ಕೇಂದ್ರಗಳನ್ನು ಬಿದಿರಿನಲ್ಲಿ ಕಟ್ಟಿ, ರೊಹಿಂಗ್ಯಾ ಹೆಂಗಸರ ಕೈಕಸುಬಿನಿಂದಲೇ ಸಿಂಗರಿಸಿದ್ದಾರೆ. ಎರಡರಿಂದ ಆರು ವರ್ಷದ ಮಕ್ಕಳು ಅಲ್ಲಿಗೆ ಬರುತ್ತಾರೆ. ಇನ್ನೂ ಚಿಕ್ಕ ಕೂಸುಗಳಿಗಾದರೆ ತಾಯಂದಿರನ್ನು ಮನೆಯಂಗಳದಲ್ಲೇ ಗುಂಪಾಗಿ ಕೂರಿಸುತ್ತಾರೆ. ತಾಯಂದಿರು ತಾವು ಎಳವೆಯಲ್ಲಿ ಆಡಿದ ಆಟ, ಹೇಳಿದ ಪ್ರಾಸದ ಪದಗಳನ್ನು ನೆನಪಿಸಿಕೊಂಡು ಕೊಟ್ಟದ್ದೇ ಅಲ್ಲಿಯ ಪಠ್ಯ. ಮಣ್ಣಿನ ಗೊಂಬೆ, ಬಟ್ಟೆಯ ಚೆಂಡುಗಳೇ ಆಟಿಕೆ. ಕೋವಿಡ್ ಬಂದು ಕೇಂದ್ರಗಳು ಮುಚ್ಚಿದಾಗ 'ಪಾಶೆ ಆಛಿ', ಅಂದರೆ 'ಜೊತೆಗಿದ್ದೇವೆ' ಎಂಬ ಹೆಸರಿನಲ್ಲಿ ತಾಯಂದಿರಿಗೆ ವಾರಕ್ಕೊಮ್ಮೆ ಫೋನು ಮಾಡಿದರು. ಸುಮಾರು 20 ನಿಮಿಷದ ಮಾತು. ಮೊದಲು ತಾಯಿ ಹೇಗಿದ್ದಾಳೆ ಎಂದು ಕೇಳಿ, ಆಮೇಲೆ ಮಗುವಿನ ಜೊತೆ ಆಡುವ ಆಟವೊಂದನ್ನು ಹೇಳಿಕೊಡುವುದು.

ಆ ಕ್ರಮ ನನಗೆ ಬಹಳ ಹಿಡಿಸಿತು, ತಾಯಿಯನ್ನು ಮೊದಲು ಕೇಳಿದ್ದು. ಮಕ್ಕಳ ಟಿ.ವಿ. ಕಾರ್ಯಕ್ರಮಗಳನ್ನು ಮಾಡುವ ಸಿಸೇಮ್ ವರ್ಕ್‌ಶಾಪ್‌ನವರು 2020ರಲ್ಲಿ ರೊಹಿಂಗ್ಯಾ ಮಕ್ಕಳಿಗಾಗಿಯೇ ನೂರ್ ಮತ್ತು ಅಜೀಜ್ ಎಂಬ ಅವಳಿ ಗೊಂಬೆಗಳನ್ನು ಸೃಷ್ಟಿಸಿದರು. ತಮ್ಮಂತೆಯೇ ಶಿಬಿರದಲ್ಲಿ ವಾಸಿಸುವ, ತಮ್ಮ ಮಾತನ್ನೇ ಆಡುವ ಗೊಂಬೆಗಳನ್ನು ಮಕ್ಕಳು ಅಲ್ಲಿಯವರೆಗೆ ಕಂಡಿರಲಿಲ್ಲ.

ಆದರೆ ಇಂಥವು ಇನ್ನೂ ಅಪರೂಪ. ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಇತ್ತೀಚಿನ ವರದಿಗಳ ಪ್ರಕಾರ ನಿರಾಶ್ರಿತ ಮಕ್ಕಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಪ್ರಾಥಮಿಕ ಶಾಲೆಗೆ ಸೇರುತ್ತಾರೆ. ಶಾಲಾಪೂರ್ವ ಶಿಕ್ಷಣ ಸಿಗುವುದು ಶೇ. 40ಕ್ಕಿಂತ ಕಡಿಮೆ ಮಕ್ಕಳಿಗೆ. ಹಣ ಹೊಂದಿಸುವವರ ಪಟ್ಟಿಯಲ್ಲಿ ಊಟ, ನೀರು, ಲಸಿಕೆ ಮೇಲಿರುತ್ತವೆ. ಇರಲೇಬೇಕು. ಶಿಶುವಿಹಾರ ಕೊನೆಯ ಸಾಲಿನಲ್ಲಿರುತ್ತದೆ, ಹಣ ಕಡಿಮೆಯಾದಾಗ ಮೊದಲು ಅಳಿಸುವುದು ಆ ಸಾಲನ್ನೇ. ಇವೆರಡನ್ನೂ ಬೇರೆ ಬೇರೆ ಎಂದು ಎಣಿಸುವುದರಲ್ಲೇ ತೊಡಕಿದೆ. ನಮ್ಮ ದೇಶದ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ದ ಜಾಗ ನಮ್ಮ ಜಿಲ್ಲೆಯದೇ ತಿ. ನರಸೀಪುರ. ಪೌಷ್ಟಿಕ ಆಹಾರ, ಲಸಿಕೆ, ತೂಕ, ಆಟ, ಹಾಡು ಎಲ್ಲವನ್ನೂ ಒಂದೇ ಸೂರಿನಡಿ ತರುವುದು ಅದರ ಮೂಲ ಯೋಚನೆ. ಹಸಿವು, ಕಲಿಕೆ ಎಂದು ಮಗುವನ್ನು ಎರಡು ಭಾಗ ಮಾಡಲಾಗದು ಎಂದು ನಾವು ಅರ್ಧ ಶತಮಾನದ ಹಿಂದೆಯೇ ಒಪ್ಪಿದ್ದೇವೆ. ನಿರಾಶ್ರಿತ ಶಿಬಿರದ ಮಗುವಿಗೂ ಅದೇ ಲೆಕ್ಕ ಸಲ್ಲಬೇಕು.

ಬೈಲಕುಪ್ಪೆಯ ನರ್ಸರಿಗಳಿಗೆ ಇಂದು ಬಂದಿರುವ ಕಷ್ಟ ಬೇರೆ ಬಗೆಯದು. 2008ರ ನಂತರ ಟಿಬೆಟ್‌ನಿಂದ ಬರುವವರ ಸಂಖ್ಯೆ ತೀರಾ ಇಳಿಯಿತು. ಇಲ್ಲಿ ಹುಟ್ಟಿ ಬೆಳೆದವರು ಬೆಂಗಳೂರಿಗೆ, ಇನ್ನೂ ಎಷ್ಟೋ ಮಂದಿ ಯೂರೋಪ್, ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಹುಟ್ಟುವ ಮಕ್ಕಳೂ ಕಡಿಮೆ. ಒಂದು ಕಾಲದಲ್ಲಿ ಚಾಪೆ ಸಾಲದೆ ಮಕ್ಕಳು ಸರದಿ ಕಾಯುತ್ತಿದ್ದ ಕೋಣೆಯಲ್ಲಿ ಈಗ ಬೆರಳೆಣಿಕೆಯ ಮಕ್ಕಳು. ಶಾಲೆಗಳನ್ನು ಒಂದರಲ್ಲೊಂದು ಸೇರಿಸುತ್ತಿದ್ದಾರೆ. ಲೆಕ್ಕ ನೋಡುವವರಿಗೆ ಇದು ಸರಿ ಕಾಣಬಹುದು. ಮೂರು ವರ್ಷದ ಮಗು ಪಕ್ಕದ ಕ್ಯಾಂಪಿಗೆ ಆಟೊದಲ್ಲಿ ಹೋಗುವಂತಾದರೆ ಅಜ್ಜಿ ನಡೆದು ಬಂದು ಬಾಗಿಲಲ್ಲಿ ಬಿಟ್ಟು, ಗೆನ್‌ಲಾ ಜೊತೆ ನಾಲ್ಕು ಮಾತಾಡಿ ಹೋಗುವುದು ತಪ್ಪುತ್ತದೆ. ಶಾಲೆಗಳನ್ನು ಕೂಡಿಸಿದರೂ ನರ್ಸರಿಯನ್ನು ಆಯಾ ಕ್ಯಾಂಪಿನಲ್ಲೇ ಉಳಿಸಿಕೊಳ್ಳಿ ಎಂದು ನಾನು ಅಲ್ಲಿನವರಿಗೆ ಹೇಳುತ್ತ ಬಂದಿದ್ದೇನೆ. ಏಳೇ ಮಕ್ಕಳಿದ್ದರೂ ಸರಿ.

ಬೆಟ್ಟದ ರಸ್ತೆಯ ಅಂಚಿನಲ್ಲಿ ಮರಕ್ಕೆ ಕಟ್ಟಿದ ಆ ಮಗುವಿನ ಪಾಡು ನಿರಾಶ್ರಿತರದಷ್ಟೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿಗೆ ಬಂದು ಕಟ್ಟಡ ಕೆಲಸ ಮಾಡುವವರ ಮಕ್ಕಳು ಮರಳಿನ ರಾಶಿಯ ಮೇಲೆ, ಕಬ್ಬಿಣದ ಸರಳುಗಳ ನಡುವೆ ಬೆಳೆಯುತ್ತಾರೆ. ದೇಶ ಬಿಟ್ಟವರಲ್ಲ, ಊರು ಬಿಟ್ಟವರು. ದಿಲ್ಲಿಯಲ್ಲಿ ಮೀರಾ ಮಹದೇವನ್ 1969ರಲ್ಲಿ ಕಟ್ಟಡ ಕೆಲಸ ನಡೆಯುವ ಜಾಗದಲ್ಲೇ ಮೊಬೈಲ್ ಕ್ರೆಷಸ್ ಆರಂಭಿಸಿದರು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ. ದುಡಿಯುವ ಜಾಗದ ಪಕ್ಕದಲ್ಲೇ ಮಗುವಿಗೂ ಜಾಗ ಎಂಬ ಈ ಯೋಚನೆ ಗಡಿ ದಾಟಿ ಬಂದವರಿಗೂ, ಜಿಲ್ಲೆ ದಾಟಿ ಬಂದವರಿಗೂ ಒಂದೇ.

ಕೊನೆಗೆ, ಏನು ಕೊಡಬೇಕು ಎಂದು ಕೇಳುವವರಿಗೆ. ಪ್ರತಿ ಸಭೆಯ ನಂತರವೂ ಯಾರಾದರೊಬ್ಬರು ಬಂದು "ಮನೆಯಲ್ಲಿ ಮಕ್ಕಳ ಹಳೆ ಆಟಿಕೆ ತುಂಬ ಇವೆ, ಕಳಿಸಲೇ ಮೇಡಂ?" ಎನ್ನುತ್ತಾರೆ. ಅವರ ಮನಸ್ಸು ಒಳ್ಳೆಯದು. ಆಟಿಕೆಯನ್ನು ಶಿಕ್ಷಕಿಯರು ಕಾಳು, ಗುಂಡಿ, ಬಟ್ಟೆಚೂರು, ತೆಂಗಿನ ಚಿಪ್ಪಿನಲ್ಲಿ ಮಾಡಿಕೊಳ್ಳಬಲ್ಲರು, ಮಕ್ಕಳೂ ಅದರಲ್ಲೇ ಚೆನ್ನಾಗಿ ಆಡುತ್ತಾರೆ. ತೊಂದರೆಯಿರುವುದು ಶಿಕ್ಷಕಿಯ ಸಂಬಳದಲ್ಲಿ. ಎಲ್ಲ ಕಡೆ ನರ್ಸರಿಯ ಹೆಂಗಸಿಗೆ ಅತಿ ಕಡಿಮೆ ಸಂಬಳ. ಸ್ವೆಟರ್ ಮಾರಲು ಹೋದರೆ, ವಿದೇಶಕ್ಕೆ ಹೋಗಿ ವೃದ್ಧರ ಆರೈಕೆ ಮಾಡಿದರೆ ಅದರ ಹತ್ತರಷ್ಟು ಸಿಗುತ್ತದೆ ಎಂದು ಆಕೆಗೆ ಗೊತ್ತು. ಎರಡು ವರ್ಷ ಕಷ್ಟಪಟ್ಟು ಕಲಿತವಳು ಹೊರಟುಹೋದರೆ ಮಕ್ಕಳಿಗೆ ಮತ್ತೊಂದು ಅಗಲಿಕೆ. ಹಾಗಾಗಿ ನಾನು ಅವರಿಗೆ ಹೇಳುವುದು ಇದು: ಆ ಸಮುದಾಯದ ಒಬ್ಬ ಹೆಂಗಸಿನ ತರಬೇತಿಯ ಖರ್ಚು ಕೊಡಿ, ಆಮೇಲೆ ನಾಲ್ಕೈದು ವರ್ಷ ತಪ್ಪದೆ ಅವಳ ಸಂಬಳದ ಒಂದು ಪಾಲು ಕಳಿಸಿ. ಒಬ್ಬರಿಗೆ ಆಗದಿದ್ದರೆ ಹತ್ತು ಮಂದಿ ಸ್ನೇಹಿತರು ಸೇರಿ. ಹೀಗೆ ಸೇರಿಕೊಂಡ ಮೈಸೂರಿನ ನಿವೃತ್ತ ಶಿಕ್ಷಕರ ಒಂದು ಗುಂಪು ಈ ವರ್ಷವೂ ಒಬ್ಬ ಶಿಕ್ಷಕಿಯ ಹೊಣೆ ಹೊತ್ತಿದೆ; ಜೂನ್‌ನಲ್ಲಿ ಇನ್ನೊಬ್ಬರ ತರಬೇತಿ ಶುರುವಾಗುತ್ತದೆ.